ಎಂಟು ಸೆಕೆಂಡಿನ ನಿದ್ದೆ

ನಾನು ಒಂದು ಸ್ಫಟಿಕದ ಹರಳು. ಗಾತ್ರದಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದು. ಕಾರ್ಖಾನೆಯವರು ನನ್ನನ್ನು ಕೊಯ್ದು, ಉಜ್ಜಿ, ತಗಡಿನ ಪುಟ್ಟ ಡಬ್ಬಿಯಲ್ಲಿ ಮುಚ್ಚಿ ಒಂದೇ ಕೆಲಸ ಕೊಟ್ಟರು: ವಿದ್ಯುತ್ತು ಸೋಕಿದರೆ ಹದ ತಪ್ಪದೆ ಮಿಡಿಯುವುದು. ನನ್ನ ಮಿಡಿತ ಎಣಿಸಿಕೊಂಡೇ ಯಂತ್ರಗಳು ಹೊತ್ತು ತಿಳಿಯುತ್ತವೆ. ಎಚ್ಚರವಿದ್ದರೆ ನಾನು ಸೆಲ್ಲು ತಿನ್ನುತ್ತೇನೆ, ಮಲಗಿಸಿದರೆ ಸೆಲ್ಲು ಉಳಿಯುತ್ತದೆ. ಎಷ್ಟು ಮಲಗಿಸಬೇಕು, ಎಷ್ಟು ಬೇಗ ಎಬ್ಬಿಸಬೇಕು ಎನ್ನುವುದಕ್ಕೆ ಬುದ್ಧಿ ಬೇಕು.

ಮೊದಲ ಎರಡು ವರ್ಷ ಗದಗಿನ ಒಂದು ಬಿಡಿಭಾಗಗಳ ಅಂಗಡಿಯಲ್ಲಿದ್ದೆ. ಅಂಗಡಿಯವನು ದಿನಾ ಬೆಳಗ್ಗೆ ನನಗೂ ಊದಿನಕಡ್ಡಿ ತೋರಿಸುತ್ತಿದ್ದ. ಒಳ್ಳೆಯ ಮನುಷ್ಯ, ನನ್ನಿಂದ ಏನನ್ನೂ ಬಯಸಲಿಲ್ಲ. ಅಲ್ಲಿಂದ ನನ್ನನ್ನು ಕೊಂಡು ತಂದವರು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಬಸಲಿಂಗಪ್ಪ ಹೊಂಬಳ ಸಾಹೇಬರು. ತಮ್ಮ ತಲೆಯ ಬಗ್ಗೆ ಅವರಿಗೆ ಇದ್ದಷ್ಟು ಗೌರವ ಇನ್ನಾರಿಗೂ ಇರಲಿಲ್ಲ.

ಅವರ ತಾಯಿ ನೀಲಗಂಗವ್ವ ಬಿದ್ದು ಸೊಂಟ ಮುರಿದುಕೊಂಡು ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಕೂಗಿದರೆ ಅಡುಗೆಮನೆಗೆ ಕೇಳಿಸದಷ್ಟು ದನಿ ಸೋತಿತ್ತು. ಸಾಹೇಬರು ತಂತಿಯಿಲ್ಲದ ಒಂದು ಕರೆಗಂಟೆ ಮಾಡಿದರು. ಗುಂಡಿ ಅವ್ವನ ಕೈಯಲ್ಲಿ, ಗಂಟೆ ಅಡುಗೆಮನೆಯ ಮೊಳೆಯಲ್ಲಿ, ಗಂಟೆಯೊಳಗೆ ನಾನು. ಆ ಮೊಳೆಯ ಪಕ್ಕದಲ್ಲೇ ಪ್ಲಗ್ ಪಾಯಿಂಟ್ ಇತ್ತು. ಅದಕ್ಕೆ ಸಿಕ್ಕಿಸಿದ್ದರೆ ನಾನು ಮಲಗಬೇಕಾಗಿಯೇ ಇರಲಿಲ್ಲ. ಆದರೆ ಪ್ಲಗ್ಗಿಗೆ ಸಿಕ್ಕಿಸಿದ ಗಂಟೆಗೆ ಬಹುಮಾನ ಯಾರು ಕೊಡುತ್ತಾರೆ?

ಹಾಗಾಗಿ ನನ್ನನ್ನು ಮಲಗಿಸಿದರು. ಎಂಟು ಸೆಕೆಂಡಿಗೊಮ್ಮೆ ಎದ್ದು, ಯಾರಾದರೂ ಗುಂಡಿ ಒತ್ತಿದ್ದಾರೆಯೇ ಎಂದು ರೆಪ್ಪೆ ಬಡಿಯುವಷ್ಟು ಹೊತ್ತು ಕಿವಿಗೊಟ್ಟು, ಮತ್ತೆ ಮಲಗಬೇಕು. ಎರಡು ಸೆಲ್ಲಿನಲ್ಲಿ ಮೂರು ವರ್ಷ ನಡೆಯುವ ಗಂಟೆ! ಜಿಲ್ಲೆಯ ವಿಜ್ಞಾನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು.

ಮನೆಯಲ್ಲಿ ನೀಲಗಂಗವ್ವ ಗುಂಡಿ ಒತ್ತಿ ಬಿಟ್ಟಾಗ ನಾನು ಗೊರಕೆ ಹೊಡೆಯುತ್ತಿದ್ದೆ. ನಾನು ಎದ್ದಾಗ ಅವರ ಬೆರಳು ಸೋತು ಜಾರಿರುತ್ತಿತ್ತು. ಆ ಮುದುಕಿ ಬೇಡುತ್ತಿದ್ದುದು ಒಂದೇ, ಹಾಸಿಗೆ ಒದ್ದೆಯಾಗುವ ಮೊದಲು ಯಾರಾದರೂ ಬಂದು ಪಾತ್ರೆ ಇಡಲಿ ಎಂದು. ದಿನಕ್ಕೆರಡು ಸಲ ಸೊಸೆ ಮಹಾದೇವಿ ಸೀರೆ ಬದಲಿಸುವಾಗ ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರಂತೆ.

"ಒತ್ತಿ ಹಿಡೀಬೇಕವ್ವಾ, ಹತ್ತು ಎಣಸೂತನಕ," ಎಂದು ಸಾಹೇಬರು ತಾಯಿಗೇ ಪಾಠ ಮಾಡಿದರು.

"ರೀ, ಅರ್ಧ ಸೆಕೆಂಡಿಗೊಮ್ಮೆ ಎಬ್ಬಸ್ರಿ ಅದನ್ನ," ಎಂದಳು ಮಹಾದೇವಿ. "ಸೆಲ್ಲು ಎಂಟು ತಿಂಗಳಿಗೆ ಹೋದ್ರ ಹೊಸಾವು ಹಾಕಿದ್ರಾತು."

"ಸರ್ಟಿಫಿಕೇಟದಾಗ ಮೂರು ವರ್ಷ ಅಂತ ಬರದಾರ," ಎಂದು ಸಾಹೇಬರು ಮೂಗು ಮುರಿದರು. ಹತ್ತನೆಯ ಇಯತ್ತೆಗೆ ಓದು ಬಿಟ್ಟ ಹೆಂಗಸಿಗೆ ತಿಳಿದ ಹದ ಈ ಪಂಡಿತನಿಗೆ ತಿಳಿಯಲಿಲ್ಲ. ಅಲ್ಲ, ತಿಳಿದಿತ್ತು. ಅದಕ್ಕೇ ನನಗೆ ಅಷ್ಟು ಅಸಹ್ಯ.

ಒಂದು ಭಾನುವಾರ ಪ್ರಿನ್ಸಿಪಾಲರೂ ಪತ್ರಿಕೆಯವನೊಬ್ಬನೂ ಗಂಟೆ ನೋಡಲು ಬಂದರು. ನನ್ನನ್ನು ನಡುಮನೆಯ ಟೇಬಲ್ಲಿಗೆ ತಂದಿಟ್ಟರು. ಸಾಹೇಬರು ಒಳಗೆ ಕೂಗಿ ಹೇಳಿದರು, "ಅವ್ವಾ, ಒತ್ತು. ಬಿಡಬ್ಯಾಡ, ಹಿಡಕೋ." ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ಕೊನೆಗೆ ನಾನು ಎದ್ದೆ, ಗಂಟೆ ಹಾಡಿತು, ಚಪ್ಪಾಳೆಯೂ ಬಿತ್ತು. ಮಹಾದೇವಿ ಮಾತ್ರ ಒಲೆ ಆರಿಸಿ ಅತ್ತೆಯ ಕೋಣೆಗೆ ಓಡಿದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಒದ್ದೆ ಸೀರೆಯ ಮುದ್ದೆ ಇತ್ತು.

ಒಳಗಿನಿಂದ ಸಣ್ಣ ದನಿ ಬಂತು. ಎಲ್ಲರೂ ಸುಮ್ಮನಿದ್ದುದರಿಂದ ಅಂದು ಕೇಳಿಸಿತು. "ಗಂಟಿ ಬಾರಿಸ್ತಪಾ ತಮ್ಮಾ. ಅದಕ್ಕ ಮೊದಲ ಆಗಿಬಿಡ್ತು."

ಸಾಹೇಬರು ಅತಿಥಿಗಳತ್ತ ತಿರುಗಿ ನಕ್ಕರು. "ಬರೇ ಎಂಟ ಸೆಕೆಂಡ್ ರೀ. ಅಷ್ಟೂ ತಡಕೊಳ್ಳಾಕ ಆಗಲಿಲ್ಲ ನಮ್ಮವ್ವಗ."

ಪ್ರಿನ್ಸಿಪಾಲರು ಚಹಾದ ಕಪ್ಪಿನೊಳಗೆ ನೋಡುತ್ತ ಕೂತರು. ಅವರು ಹೋದ ಮೇಲೆ ಮಹಾದೇವಿ ನನ್ನನ್ನು ಎತ್ತಿ ಕಪಾಟಿನ ಮೂಲೆಗೆ ತಳ್ಳಿದಳು. ಅತ್ತೆಯ ಎದೆಯ ಮೇಲೆ ಒಂದು ಸ್ಟೀಲ್ ತಾಟು, ಒಂದು ಚಮಚ ಇಟ್ಟಳು. "ಇದು ಮಲಗೂದಿಲ್ಲ ಅತ್ತಿ. ಬಡೀರಿ," ಎಂದಳು. ಸಂಜೆಯೇ ತಾಟಿನ ಸದ್ದು ಕಪಾಟಿನವರೆಗೂ ಬಂತು. ಅದರ ಹಿಂದೆಯೇ ಮಹಾದೇವಿಯ ಓಟದ ಸದ್ದು. ಗೋಡೆ ನೋಡುವ ಗತಿ ಆ ಮುದುಕಿಗೆ ಮತ್ತೆ ಬರಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಒಣ ಸೀರೆಯಲ್ಲೇ ತೀರಿಕೊಂಡರು.

ನಾನು ಇನ್ನೂ ಕಪಾಟಿನಲ್ಲೇ ಇದ್ದೇನೆ. ಸಾಹೇಬರು ಆಗಾಗ ಬಾಗಿಲು ತೆರೆದು, ಸೆಲ್ಲಿಗೆ ಮೀಟರು ಹಚ್ಚಿ ನೋಡಿ ಹಿಗ್ಗುತ್ತಾರೆ. ಎಂಟು ಸೆಕೆಂಡಿಗೊಮ್ಮೆ ಎದ್ದು ಕಿವಿಗೊಡುತ್ತೇನೆ. ಒತ್ತುವವರು ಯಾರೂ ಇಲ್ಲ, ಹಾಗಾಗಿ ಸೆಲ್ಲು ಚೆನ್ನಾಗಿ ಉಳಿಯುತ್ತಿದೆ. ಅವರಿಗೆ ಬೇಕಾಗಿದ್ದ ಗಂಟೆ ಇದೇ.