ಕಸಿಯ ಗಂಟು

ಕರಗುವ ಮೊದಲೇ ಬುಡಕ್ಕೆ ಸುರಿಯಬೇಕು. ಸಂಜೀವ ಐಸ್ ಟ್ರೇ ಹಿಡಿದು ಅಂಗಳಕ್ಕೆ ಓಡಿದ. ಬಾಗಿಲಲ್ಲಿ ಹೆಂಡತಿ ಸೀಮಾ ಬ್ಯಾಗಿನ ಪಕ್ಕ ಕೂತಿದ್ದಳು.

"ಅಂಗಿ ಹಾಕ್ಕೊಳ್ರಿ. ಬಸ್ ಬಿಡೋ ಹೊತ್ತಾತು."

ಅವನು ಗಿಡದ ಬುಡಕ್ಕೆ ಐಸ್ ಸುರಿದ. ಚೆರ್ರಿ ಗಿಡ ಕಫೀಲ್‌ನದು, ಸಂಜೀವನ ವೀಸಾಕ್ಕೆ ಹೊಣೆ ನಿಂತ ಅರಬ್ ಮಾಲೀಕನದು. ಕಾಡು ಬೇರಿಗೆ ಸಿಹಿ ಜಾತಿ ಕಸಿ ಮಾಡಿದ್ದನ್ನು ಲೆಬನಾನಿನಿಂದ ತರಿಸಿ, ಜಾಬ್ರಿಯಾ ಬಡಾವಣೆಯ ತನ್ನ ಮನೆಯಂಗಳದಲ್ಲಿ ನೆಡಿಸಿದ್ದ. ಹಿಂದಿನ ಎರಡು ಕೋಣೆಗಳಲ್ಲಿ ತನ್ನ ಕಂಪನಿಯ ಎಂಜಿನಿಯರ್ ಸಂಜೀವನನ್ನೂ ಇರಿಸಿದ್ದ. ರಜೆಗೆ ಹೊರಟಾಗ, ಬರುವ ತನಕ ಗಿಡ ನಿನ್ನ ಜವಾಬ್ದಾರಿ ಎಂದು ಭುಜ ತಟ್ಟಿದ್ದ. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಗಡಿ ದಾಟಿ ಈ ಕೊಲ್ಲಿ ನಾಡಿಗೆ ನುಗ್ಗಿತು. ಕಫೀಲ್ ಬರಲಿಲ್ಲ. ಕಂಪನಿ ಮುಚ್ಚಿತು. ಯಾರೋ ನಂಬಿ ಒಪ್ಪಿಸಿದ ಕೆಲಸವೆಂದು ಸಂಜೀವನಿಗೆ ಈಗ ಉಳಿದದ್ದು ಇದೊಂದೇ.

ಚೆರ್ರಿಗೆ ಬೇಕಾದದ್ದು ಚಳಿಗಾಲದ ಗಾಢ ನಿದ್ದೆ, ಬೇಸಿಗೆಯ ಐಸ್ ಅಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದವರು ಸುಮ್ಮನೆ ಕೂರಬೇಕೆಂದು ನಿಯಮವಿದೆಯೇ? ಎಲೆಯೆಲ್ಲ ಉದುರಿದ್ದ ಗಿಡ ಇವತ್ತು ಚಿಗುರಿತ್ತು.

"ನೋಡಿಲ್ಲಿ, ಚಿಗುರೊಡದೈತಿ."

"ಅದಕ್ಕ?"

"ನೀ ಮುಂದ ಹೋಗು. ನಾ ಮುಂದಿನ ಬಸ್ಸಿಗೆ ಬರ್ತೀನಿ."

"ಗಿಡ ಬಿಟ್ಟು ಬರಾಕ ಆಗೂದಿಲ್ಲೇನು?"

"ಮಾತು ಕೊಟ್ಟೀನಿ."

"ನನಗೂ ಕೊಟ್ಟಿದ್ರಿ."

ಅವಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಊರಿಗೆ ಮರಳಿ, ಕೆಲಸವಿಲ್ಲದ ಎಂಜಿನಿಯರನಾಗಿ ಮಾವನ ಮನೆಯ ಕಟ್ಟೆಯ ಮೇಲೆ ತಾನು ಕೂತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಹೆದರಿಕೆ ಅದರದು. ಗಿಡ ಬರೀ ನೆಪ. ಆ ನೆಪವೂ ಚಿಗುರಿತ್ತಲ್ಲ.

ಊರಿನ ವಿಮಾನ ಹಿಡಿಯುವವರನ್ನು ಹೊತ್ತು ಬಾಗ್ದಾದ್ ದಾಟಿ ಅಮ್ಮಾನಿಗೆ ಹೋಗುವ ಬಸ್ಸು ಶಾಲೆಯೊಂದರ ಮುಂದೆ ನಿಂತಿತ್ತು. ಸೀಮಾ ಕಿಟಕಿಯ ಪಕ್ಕ ಕೂತಳು. ಅವನ ಕೊರಳಪಟ್ಟಿ ಸರಿಮಾಡುವಂತೆ ಕೈ ಚಾಚಿ, ಹಿಂತೆಗೆದುಕೊಂಡಳು.

"ಹೋಗ್ತೀನ್ರಿ."

ಮರಳುವ ದಾರಿಯಲ್ಲಿ ಆ ಮಾತು ಅವನನ್ನು ತಡೆದು ನಿಲ್ಲಿಸಿತು. ತರಕಾರಿ ತರಲು ಹೊರಟರೂ 'ಹೋಗಿ ಬರ್ತೀನಿ' ಎನ್ನುವವಳು ಅವಳು. ತಿರುಗಿ ಓಡಿದ. ಶಾಲೆಯ ಮುಂದೆ ಬಸ್ಸಿರಲಿಲ್ಲ.

ಅಂಗಳಕ್ಕೆ ಬಂದು ಮೊಣಕಾಲೂರಿ ಚಿಗುರನ್ನು ಮುಟ್ಟಿದ. ಆಗ ಕಂಡಿತು: ಎಲೆ ಬಂದದ್ದು ಕಸಿಯ ಗಂಟಿನ ಕೆಳಗೆ, ಕಾಡು ಬೇರಿನಿಂದ. ಗಂಟಿನ ಮೇಲಿನ ಸಿಹಿ ಕೊಂಬೆಯನ್ನು ಉಗುರಿನಿಂದ ಕೆರೆದ. ಒಳಗೆಲ್ಲ ಕಂದು. ಸತ್ತು ಎಷ್ಟು ಕಾಲವಾಗಿತ್ತೋ.

ಒಳಗೆ ಹೋಗಿ ಟ್ರೇಗೆ ನೀರು ತುಂಬಿ ಫ್ರೀಜರಿನಲ್ಲಿಟ್ಟ. ಗಟ್ಟಿಯಾಗುವುದನ್ನು ಕಾಯುತ್ತ, ಬಾಗಿಲಲ್ಲಿ ಅವಳು ಕೂತಿದ್ದ ಜಾಗದಲ್ಲಿ ಕೂತ.