ರಾಣಿಯ ಕೈಗಳು

ಅರಮನೆಯ ಮೇಲ್ವಿಚಾರಕ ಮಧ್ಯಾಹ್ನ ಬಾಗಿಲಿಗೆ ಬಂದು ಮೊದಲು ಕೇಳಿದ್ದು ರಾಣಿಯವರ ಜರಿಶಾಲನ್ನು. ಚಿತ್ರಗಾರ ತಮ್ಮ ತೀರಿಕೊಂಡನೆಂದು ಅಕ್ಕನಿಗೆ ತಿಳಿದದ್ದು ಆಮೇಲೆ.

"ಚಿತ್ರ ಇನ್ನೂ ಮುಗಿದಿಲ್ಲವಲ್ಲ, ಶಾಲು ಯಾಕೆ?" ಎಂದಳು.

"ಇನ್ನು ಅವರು ಮುಗಿಸೋ ಹಾಗಿಲ್ಲಮ್ಮ. ಬೆಳಿಗ್ಗೆ ಚಿತ್ರದ ಮುಂದೇನೇ ಕುಸಿದ್ರು. ವೈದ್ಯರು ಬರೋದ್ರೊಳಗೆ ಹೋಗ್ಬಿಟ್ರು. ಹಿಂದೆ ಗಾಡೀಲಿ ತರ್ತಾ ಇದಾರೆ."

ಹೆಣ ಬರುವ ಮುಂಚೆಯೇ ಶಾಲು ಕೇಳಲು ಆಳು! ಆಕೆಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ಮೀಸೆ ಚಿಗುರಿದಂದಿನಿಂದ ಅವನು ಆ ರಾಜಮನೆತನದ ಮುಖಗಳನ್ನೇ ಬರೆದು ಕಣ್ಣು ಸವೆಸಿದ್ದ. ದೊಡ್ಡವರಿಗೆ ಕೂರಲು ಪುರುಸೊತ್ತೆಲ್ಲಿ? ರಾಣಿ ಮುಖವಷ್ಟೇ ತೋರಿಸಿ ಎದ್ದುಹೋಗುವರು. ಮಿಕ್ಕದ್ದಕ್ಕೆ ಶಾಲು ಮನೆಗೆ ಬರುತ್ತಿತ್ತು. ಅದನ್ನು ಹೊದ್ದು ಅಕ್ಕ ಕಿಟಕಿಯ ಬಳಿ ಕೂತರೆ, ತಮ್ಮ ಅವಳ ಕೈಗಳ ನಕ್ಷೆ ತೆಗೆದುಕೊಂಡು ಅರಮನೆಯ ಚಿತ್ರಕ್ಕೆ ಇಳಿಸುತ್ತಿದ್ದ. ದರ್ಬಾರಿನ ಗೋಡೆಗಳ ಮೇಲೆ ರಾಣಿಯ ಮುಖವಿದ್ದಲ್ಲೆಲ್ಲ ಅಕ್ಕನ ಕೈಗಳಿದ್ದವು.

"ಅಲ್ಲಾಡ್ಬೇಡ ಕಣೇ ಅಕ್ಕ. ರಾಣಿಯವರಿಗೆಲ್ಲ ಮೂಗು ತುರಿಸಲ್ಲ," ಎಂದು ತಮ್ಮ ಗದರುವನು.

"ಒಲೆ ಮೇಲೆ ಹಾಲುಕ್ಕಿದ್ರೆ ನಿನ್ನ ರಾಣಿ ಬಂದು ಇಳಿಸ್ತಾಳೇನೋ?"

ಈಗ ಮೇಲ್ವಿಚಾರಕ ಕೆಲಸದ ಮಾತಿಗೆ ಬಂದ. "ಕೈಗಳಷ್ಟೇ ಬಾಕಿ ಇವೆ. ಹೊಸ ಚಿತ್ರಗಾರರು ಮುಗಿಸ್ತಾರೆ. ನಾಳಿದ್ದು ನೀವು ಅರಮನೆಗೆ ಬಂದು ಸ್ವಲ್ಪ ಕೂತ್ಕೊಂಡ್ರೆ ಸಾಕು."

"ಚಿತ್ರದ ಮೂಲೇಲಿ ಯಾರ ಹೆಸರು ಬರೀತೀರಿ?"

"ಮುಗಿಸಿದೋರದ್ದೇ. ಅರಮನೆ ಕಟ್ಟಳೆ ನಿಮಗೆ ಗೊತ್ತಲ್ಲ."

"ಗೊತ್ತು, ಗೊತ್ತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಯಜಮಾನ! ಮುಖ ಬರೆದೋನು ನನ್ನ ತಮ್ಮ, ಕಣ್ಣು ಬರೆದೋನು ನನ್ನ ತಮ್ಮ. ಮೊದಲು ಅವನ ಹೆಸರು ಬರೀರಿ, ಆಮೇಲೆ ಬಂದು ಕೂರ್ತೀನಿ. ಇಲ್ಲದಿದ್ರೆ ನಿಮ್ಮ ರಾಣಿ ಮೊಂಡುಗೈಲೇ ಇರಲಿ."

"ಹಟ ಮಾಡ್ಬೇಡಿ ತಾಯಿ. ನೀವು ಬರದಿದ್ರೆ ಕೈಗಳನ್ನ ಶಾಲಿನೊಳಗೆ ಮುಚ್ಚಿ ಬರೀತಾರೆ. ಕೇಳೋರ್ಯಾರು?"

"ಕೇಳೋನು ಮೇಲೊಬ್ಬ ಇದಾನೆ. ಮುಚ್ಚಿಕೊಳ್ಳಿ! ಸತ್ತೋನ ಹೆಸರು ಅಳಿಸೋದಕ್ಕೆ ಅಕ್ಕನ ಕೈಯೇ ಬೇಕಾಯ್ತಾ ನಿಮಗೆ?"

ಆಕೆ ಒಳಗೆ ಹೋಗಿ ಶಾಲನ್ನು ತಂದು ಅವನ ತೋಳಿಗೆ ಎಸೆದಳು. ಅಷ್ಟರಲ್ಲಿ ಹೆಣ ಹೊತ್ತ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ತಮ್ಮನ ಬಲಗೈಯ ಉಗುರುಗಳಲ್ಲಿ ಕೆಂಪು ಬಣ್ಣ ಇನ್ನೂ ಹಸಿಯಾಗಿತ್ತು. ಆ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು ಆಕೆ ಗೋಳಾಡಿ ಅತ್ತಳು. ಹೆಣವನ್ನು ಒಳಗೆ ಹೊರಲು ಒಂದು ಹೆಗಲನ್ನೂ ಕೊಡದೆ ಮೇಲ್ವಿಚಾರಕ ಶಾಲಿನ ಧೂಳು ಕೊಡವಿಕೊಂಡು ಹೊರಟ.

ಅವನು ಹೇಳಿದಂತೆಯೇ ಆಯಿತು. ಕೆಲವು ದಿನಗಳ ಮೇಲೆ, ಚಿತ್ರಕ್ಕೆ ಚೌಕಟ್ಟು ಹಾಕಿದ ಬಡಗಿ ಬಂದು ತಲೆತಗ್ಗಿಸಿ ಹೇಳಿದ: "ಕೈ ಕಾಣಲ್ಲ ಅಕ್ಕಾ. ಮೂಲೇಲಿ ಹೊಸಬರ ಹೆಸರಿದೆ."

ಅಕ್ಕ ಅವನಿಗೆ ನೀರು ಕೊಟ್ಟು ಕಳಿಸಿದಳು. ಬಳಿಕ ತಮ್ಮನ ಖಾಲಿ ಕೋಣೆಗೆ ಹೋಗಿ, ಬಣ್ಣ ಹನಿದಿದ್ದ ನೆಲದ ಮೇಲೆ ಕುಳಿತು ಕೈ ಮುಗಿದಳು.

"ದೇವರೇ, ಅವರನ್ನು ಕ್ಷಮಿಸಲು ನನ್ನಿಂದ ಆಗದು. ಆ ಪಾಪ ನನಗೇ ಇರಲಿ, ತಮ್ಮನಿಗೆ ತಟ್ಟದಿರಲಿ. ನನ್ನ ತಮ್ಮನನ್ನು ನೀನಾದರೂ ಹೆಸರು ಹಿಡಿದು ಕರೆ. ದುಡಿದು ದಣಿದು ಬಂದಿದ್ದಾನೆ, ನಿನ್ನ ಪಾದದ ಬಳಿ ಕೂರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ."