ಮಾಸ್ತಮ್ಮನ ಪಡಿಯಚ್ಚು

ಭಾನುವಾರ ಬೆಳಿಗ್ಗೆ ನಾನು ಬ್ಯಾಗಿಗೆ ಬ್ರಷ್ಷು, ಸೀಗೆಪುಡಿ, ಮಸಿ ಡಬ್ಬಿ ತುಂಬಿಕೊಳ್ಳುತ್ತಿದ್ದೆ. ಅತ್ತೆ ಸಾಬಮ್ಮ ಹೊರಗೆ ಹೋಗುವ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

"ನಾನೂ ಬರ್ತೀನಿ. ಅದೇನ್ ಕಲ್ಲ ನೋಡ್ತಿ, ನಾನೂ ನೋಡ್ತೀನಿ."

ಹಿಂದಿನ ದಿನ ಜಗಳವಾಗಿತ್ತು. ಮುಂದಿನ ತಿಂಗಳು ಗೆಳತಿ ಲೈಬಾ ತನ್ನ ನಡಿಗೆ ಗುಂಪನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿಂದ ಕುಮಟಾವರೆಗೆ ಕಡಲ ಅಂಚಿನಲ್ಲೇ ಎರಡು ದಿನ ನಡಿಗೆ. ನಾನೂ ಹೋಗುತ್ತೇನೆ ಅಂದೆ. ವರ್ಷ ತುಂಬುವ ಮೊದಲು ಗಂಡ ಸತ್ತವಳು ಊರ ಗಡಿ ದಾಟಬಾರದು ಅಂದರು ಅತ್ತೆ. "ಸೊಸಿ ಸಮುದ್ರದ ದಂಡಿಗಿ ತಿರಗಾಡ್ಲಿಕ್ಕ ಹೋಗ್ಯಾಳ ಅಂದ್ರ ನಮ್ ಕಡಿ ಮಂದಿಗಿ ಹ್ಯಾಂಗ ಮುಖ ತೋರಿಸಬೇಕು?" ಮಾವ ಭಗವಂತರಾಯರು ಟೀವಿಯ ಸದ್ದು ಕಡಿಮೆ ಮಾಡಿ ಕೇಳಿಸಿಕೊಂಡರು, ಮತ್ತೆ ಜಾಸ್ತಿ ಮಾಡಿದರು.

ನನ್ನ ಗಂಡ ಶರಣಬಸವ ಇದ್ದಾಗ ಭಾನುವಾರ ನಾವಿಬ್ಬರೂ ಹೋಗುತ್ತಿದ್ದೆವು. ಹಲಸೂರಿನ ಸೋಮೇಶ್ವರ ಗುಡಿ, ಕಂಟೋನ್ಮೆಂಟಿನ ಹಳೇ ಸಮಾಧಿಗಳು, ಕೆ.ಆರ್. ಪುರದ ಆಚೆ ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಉಳಿದ ವೀರಗಲ್ಲುಗಳು. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಅವನಿಗೆ ಹಳಗನ್ನಡದ ಒಂದು ಅಕ್ಷರವೂ ಗೊತ್ತಿರಲಿಲ್ಲ. ಬರಹದ ಅಚ್ಚು ತೆಗೆಯಲು ಕಲ್ಲಿಗೆ ಒದ್ದೆ ಕಾಗದ ಅಂಟಿಸಿದಾಗ ಗಾಳಿಗೆ ಏಳದಂತೆ ಮೇಲಿನ ಅಂಚು ಹಿಡಿದು ನಿಲ್ಲುವುದು ಅವನ ಕೆಲಸ. "ಇವತ್ತು ಯಾವ ತವರು ಮನಿಗಿ?" ಅಂತ ಕೇಳುತ್ತಿದ್ದ.

ಎಂಟು ತಿಂಗಳ ಹಿಂದೆ ಮಾರತ್ತಹಳ್ಳಿ ಬ್ರಿಡ್ಜಿನ ಹತ್ತಿರ ಅವನ ಬೈಕಿಗೆ ಲಾರಿ ತಗುಲಿತು. ಅದರ ಬಗ್ಗೆ ಇಷ್ಟು ಸಾಕು.

ಅವನ ದಿನದ ಕಾರ್ಯಕ್ಕೆ ಬಂದ ಹೆಂಗಸರು ನನ್ನ ಬಳೆ ತೆಗೆಯಲು ಕೈ ಹಿಡಿದರು. ನಾನು ಕೈ ಎಳೆದುಕೊಂಡೆ. ಆವತ್ತು ಅತ್ತೆ ಗೋಡೆ ನೋಡುತ್ತಾ ಕೂತಿದ್ದರು. ಬಳೆ ಇನ್ನೂ ಇವೆ.

ರಾಮಮೂರ್ತಿ ನಗರದಿಂದ ಆಟೋದಲ್ಲಿ ಹೊರಟೆವು. ಹೊರಮಾವಿನ ಆಚೆ ಒಂದು ಕೆರೆಯ ಏರಿ ಹತ್ತಿರ ಲೈಬಾ ಕಾಯುತ್ತಿದ್ದಳು. ಶಿವಾಜಿನಗರದವಳು, ನನ್ನ ಕಾಲೇಜಿನ ಗೆಳತಿ.

"ಅಮ್ಮಾ ಬಂದ್ಬಿಟ್ರಾ? ಬನ್ನಿ ಬನ್ನಿ," ಅಂದಳು. ನನ್ನ ಕಿವಿಯಲ್ಲಿ, "ಏನೇ, ಸಿಐಡಿ ಕರ್ಕೊಂಡ್ ಬಂದಿದೀಯ?"

ಏರಿಯ ಮೇಲೆ ಬೇವಿನ ಮರದ ಕೆಳಗೆ ಎದೆಯೆತ್ತರದ ಮಾಸ್ತಿಕಲ್ಲು. ಸತ್ತ ಗಂಡನ ಚಿತೆ ಏರಿದ ಹೆಂಗಸಿಗೆ ನೆಡುತ್ತಿದ್ದ ಕಲ್ಲು ಅದು. ಒಂದು ಕಂಬ, ಕಂಬದಿಂದ ಹೊರಟು ಮೇಲಕ್ಕೆ ಮಡಿಸಿದ ತೋಳು, ತೋಳಿನ ತುಂಬ ಬಳೆ. ಕೆಳಗೆ ಮೂರು ಸಾಲು ಬರಹ. ಅದರ ಮೇಲೆಲ್ಲ ಎಣ್ಣೆ, ಅರಿಶಿನ ಗಟ್ಟಿಯಾಗಿ ಕೂತಿತ್ತು. ರಸ್ತೆ ಅಗಲ ಮಾಡಲು ಆ ವಾರವೇ ಕಲ್ಲನ್ನು ಕಿತ್ತು ಬೇರೆ ಕಡೆ ಇಡುವುದಿತ್ತು. ಕೀಳುವಾಗ ಒಡೆದರೆ ಅಕ್ಷರ ಹೋಗುತ್ತದೆ. ಅದಕ್ಕೇ ಅದನ್ನು ಕಾಗದಕ್ಕೆ ಇಳಿಸಿಕೊಂಡು ಪಡಿಯಚ್ಚು ತೆಗೆಯಲು ಬಂದದ್ದು. ಲೈಬಾ ಊರಿನವರ ಹತ್ತಿರ ಮೊದಲೇ ಮಾತಾಡಿದ್ದಳು.

ಊರಿನವರಿಗೆ ಅದು ಮಾಸ್ತಮ್ಮ. ಪೂಜೆ ನೋಡಿಕೊಳ್ಳುವ ಶಾಂತಕುಮಾರಿ ತಟ್ಟೆ ಹಿಡಿದು ಬಂದರು. ಅತ್ತೆಗೆ ಕುಂಕುಮ ಕೊಟ್ಟು, ನನ್ನ ಕೈಯ ಬಳೆ ನೋಡಿ ನನ್ನ ಹಣೆಗೂ ಇಟ್ಟರು.

"ಮುತ್ತೈದೇರು ಮಾತ್ರ ಮುಟ್ಬೇಕು ಕಣಮ್ಮ. ಅದೊಂದು ಕಟ್ಟುನಿಟ್ಟು. ನಿಮ್ಮೆಜಮಾನ್ರು ಬರ್ಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, "ಡ್ಯೂಟಿಗಿ ಹೋಗ್ಯಾನ."

ಎಷ್ಟು ಸರಾಗವಾಗಿ ಅಂದರೆ, ಅವನನ್ನು ಕೂರಿಸಿಕೊಂಡು ಕಂಪನಿಯ ಬಸ್ಸು ದೊಡ್ಡನೆಕ್ಕುಂದಿ ಗೇಟಿನೊಳಗೆ ಹೋಗುವುದು ನನಗೂ ಕಂಡಿತು. ಸುಮ್ಮನಿದ್ದರೆ ಸಾಕಿತ್ತು. ಬ್ರಷ್ಷು ತೆಗೆದು ಕೆಲಸ ಶುರು ಮಾಡಬಹುದಿತ್ತು.

"ಇಲ್ಲ," ಅಂದೆ. "ತೀರಿಕೊಂಡಿದ್ದಾರೆ."

ಶಾಂತಕುಮಾರಿ ತಟ್ಟೆಯನ್ನು ಎದೆಗೆ ಎಳೆದುಕೊಂಡರು. ಅತ್ತೆ ಕೆರೆಯ ಕಡೆ ತಿರುಗಿದರು.

ಕೊನೆಗೆ ಶಾಂತಕುಮಾರಿಯೇ ದಾರಿ ಹೇಳಿದರು. "ಬೇಜಾರ್ ಮಾಡ್ಕೋಬೇಡಮ್ಮ. ನಿಮ್ಮತ್ತೆ ಇದಾರಲ್ಲ, ಅವರು ಮಾಡ್ಲಿ. ನೀನು ದೂರದಲ್ಲಿ ನಿಂತ್ಕೊಂಡು ಹೇಳ್ಕೊಡು."

ಅತ್ತೆ ಸೆರಗು ಸಿಕ್ಕಿಸಿಕೊಂಡು ಕೈ ಚಾಚಿದರು. "ಕೊಡು ಇಲ್ಲಿ ಬ್ರಷ್."

"ಇಲ್ಲ ಅತ್ತೆ."

"ಯಾಕ, ನನ್ನ ಕೈಗಿ ಏನಾಗ್ಯಾದ?"

"ನಿಮ್ಮ ಕೈಗೆ ಏನೂ ಆಗಿಲ್ಲ. ನನ್ನ ಕೈಗೂ ಏನೂ ಆಗಿಲ್ಲ."

ಶಾಂತಕುಮಾರಿಯ ಮುಖ ಬಿಗಿಯಾಯಿತು. "ಓದಿದೋರು ಹಿಂಗೇ. ಬಂದು ಮಾತಾಡಿ ಹೋಗ್ತೀರ. ನಾಳೆ ಊರಿಗೆ ಏನಾದ್ರೂ ಆದ್ರೆ ಇಲ್ಲಿರೋರು ನಾವು."

"ಅಕ್ಕ, ಈ ಮಾಸ್ತಮ್ಮನ ಗಂಡನೂ ಸತ್ತಿದ್ದ," ಅಂದೆ. "ಅವನು ಸತ್ತಮೇಲೇ ಇವಳಿಗೆ ಕಲ್ಲು ನೆಟ್ಟದ್ದು. ಇವಳೂ ನಾನೂ ಒಂದೇ. ಇವಳು ಸುಟ್ಟುಹೋದಳು, ನಾನು ಹೋಗಲಿಲ್ಲ. ಹೋಗಿದ್ದರೆ ನನಗೂ ಕುಂಕುಮ ಹಚ್ಚುತ್ತಿದ್ದಿರಿ."

ಅವರು ಕಲ್ಲಿನ ತೋಳು ನೋಡಿದರು, ನನ್ನ ತೋಳು ನೋಡಿದರು. ಒಪ್ಪಿದರು ಅಂತ ಹೇಳಲಾರೆ. ಬೇವಿನ ಮರದ ಆ ಕಡೆ ಹೋಗಿ ಬೆನ್ನು ಹಾಕಿ ಕೂತರು. "ನಾನು ನೋಡ್ಲಿಲ್ಲ. ಆಮೇಲೆ ಕಲ್ಲು ತೊಳ್ಕೋತೀನಿ."

ಕೆರೆಯಿಂದ ನೀರು ತಂದೆ. ಸೀಗೆಪುಡಿ ಹಾಕಿ ಉಜ್ಜಿದೆ. ಎಣ್ಣೆಯ ಜಿಡ್ಡು ಪದರ ಪದರವಾಗಿ ಬಿಟ್ಟಿತು, ಕೆಳಗೆ ಬೂದು ಬಣ್ಣದ ಕಲ್ಲು ತಣ್ಣಗಿತ್ತು. ಒದ್ದೆ ಕಾಗದ ಹರಡಿ ಬ್ರಷ್ಷಿನಿಂದ ಹೊಡೆಯುತ್ತಾ ಹೋದೆ. ಗಾಳಿ ಬಂತು. ಮೇಲಿನ ಅಂಚು ಎದ್ದಿತು. ನನ್ನ ಬಾಯಿಂದ "ಹಿಡಿ" ಅಂತ ಬಂದುಬಿಟ್ಟಿತು, ಯಾರಿಗೆ ಅಂತ ಗೊತ್ತಿಲ್ಲ.

ಲೈಬಾ ಓಡಿಬಂದು ಹಿಡಿದಳು. "ತಗೋ, ಈಗ ನಾನೂ ಮುಟ್ಟಿದೆ," ಅಂದಳು ಮರದ ಕಡೆ ನೋಡುತ್ತಾ. "ಆಂಟಿ ಒಂದೇ ಸಲ ತೊಳೆದ್ರೆ ಇಬ್ಬರದೂ ಹೋಗುತ್ತೆ, ಅಲ್ವಾ ಆಂಟಿ?"

ಮರದ ಹಿಂದಿನಿಂದ ಕೆಮ್ಮಿದ ಹಾಗೆ, ನಕ್ಕ ಹಾಗೆ ಏನೋ ಒಂದು ಕೇಳಿಸಿತು.

ಕಾಗದ ಅರೆ ಒಣಗಿದ ಮೇಲೆ ಮಸಿ ಒತ್ತಿದೆ. ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಎದ್ದವು, ತೋಳೂ ಬಳೆಯೂ ಎದ್ದವು. ಅತ್ತೆ ಹತ್ತಿರ ಬರಲಿಲ್ಲ.

ವಾಪಸು ಆಟೋ ಹೊರಮಾವು ದಾಟಿತು. ಆಮೇಲೆ ಅತ್ತೆ ಅಂದರು, "ಡ್ಯೂಟಿಗಿ ಹೋಗ್ಯಾನ ಅಂದಿದ್ನಲ್ಲ. ಸುಮ್ನಿದ್ರ ನಿಂದೇನ್ ಹೋಗ್ತಿತ್ತು?"

"ಅವನು ಡ್ಯೂಟಿಗೆ ಹೋಗಿಲ್ಲ ಅತ್ತೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಕೇಳಿದರು, "ಆಕಿ ಹೆಸರೇನ್ ಬರದಾರ?"

"ಬರೆದಿಲ್ಲ. ಗಂಡನದು ಇದೆ, ಅವನ ಅಪ್ಪನದು ಇದೆ."

"ಇಷ್ಟ್ ಓದ್ಲಿಕ್ಕ ಅಷ್ಟ್ ದೂರ ಹೋಗಿದ್ದಿ."

ಮನೆಯಲ್ಲಿ ಪಡಿಯಚ್ಚು ಪೂರ್ತಿ ಒಣಗಬೇಕಿತ್ತು. ಅಷ್ಟು ಅಗಲ ಹರಡಲು ನಡುಮನೆಯ ಹಗ್ಗವೇ ಬೇಕು, ಶರಣಬಸವನ ಫೋಟೋದ ಎದುರಿಗೆ. ಕುರ್ಚಿ ಹತ್ತಿ ಒಂದು ಮೂಲೆಗೆ ಕ್ಲಿಪ್ ಹಾಕುವಷ್ಟರಲ್ಲಿ ಇನ್ನೊಂದು ಮೂಲೆ ಜಾರಿತು.

ಮಾವ ಟೀವಿ ಮುಂದಿನಿಂದ ಎದ್ದು ಬಂದರು. ಮೇಲಿನ ಅಂಚು ಹಿಡಿದು ನಿಂತರು. ಮಗ ಹಿಡಿಯುತ್ತಿದ್ದ ಹಾಗೇ, ಎರಡು ಬೆರಳಿನ ತುದಿಯಲ್ಲಿ, ಮಸಿ ತಾಗದಂತೆ. ಅವನು ಯಾವಾಗ ಅದನ್ನು ಇವರಿಗೆ ತೋರಿಸಿದ್ದನೋ.

"ನೀವೂನಾ?" ಅಂದರು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು.

ಮಾವ ತಿರುಗಲಿಲ್ಲ. "ಬೀಳ್ತಾದಲ್ಲ," ಅಂದರು.

ನಾನು ಕ್ಲಿಪ್ ಹಾಕಿದೆ. ಬಿಳಿ ತೋಳು ನಡುಮನೆಯಲ್ಲಿ ಎದ್ದು ನಿಂತಿತು.

"ಅದನ್ನ ತೆಗಿ. ಮಂದಿ ಬಂದ್ರ ಏನಂತಾರ?"

"ಒಣಗಲಿ ಅತ್ತೆ."

"ಸಮುದ್ರಕ್ಕ?"

"ಹೋಗ್ತೀನಿ."

ವರ್ಷ ತುಂಬಲಿ ಅನ್ನುತ್ತಾರೆ ಅಂತ ಕಾದೆ. ಅವರು ಒಳಗೆ ಹೋದರು. ಪಾತ್ರೆಯ ಸದ್ದು ಜೋರಾಗಿಯೇ ಬಂತು. ನಾನು ಕುರ್ಚಿಯಿಂದ ಇಳಿದು, ಮಸಿಯಾದ ಕೈಯಲ್ಲೇ ಲೈಬಾಗೆ ಫೋನ್ ಮಾಡಿ ನನ್ನ ಹೆಸರು ಬರೆದುಕೋ ಅಂದೆ.